ಗೆಳೆಯನ ತೋಟಾ ಪಾರ್ಸೆಲ್ ಮಾಡಿದ ಕಥೆ

ಓಹಾಯೊದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಸುಮಾರು ದಿನ ಒಂದು ಕಬ್ಬಿಣದ ಪೆಟ್ಟಿಗೆ ಬಿದ್ದಿತ್ತು. ನನ್ನದಲ್ಲ, ಗೆಳೆಯನದು. ಒಳಗಿದ್ದದ್ದು ತೋಟಾ, ಅಂದರೆ ಕೋವಿ-ಪಿಸ್ತೂಲಿಗೆ ತುಂಬುವ ಗುಂಡು. ಅವನು ಕೆಲಸ ಬದಲಾಯಿಸಿ ಅರಿಜೋನಾಕ್ಕೆ ಹೋಗುವಾಗ ಸಾಮಾನು ಸಾಗಿಸುವ ಲಾರಿಯವರು ತೋಟಾ ಮುಟ್ಟೋದಿಲ್ಲ ಅಂದಿದ್ದರು. ವಿಮಾನದಲ್ಲಿ ಚೆಕ್-ಇನ್ ಬ್ಯಾಗಿನಲ್ಲಿ ಹಾಕಬಹುದು, ಆದರೆ ಹೆಚ್ಚಿನ ಏರ್‌ಲೈನ್‌ಗಳಲ್ಲಿ ಒಬ್ಬರಿಗೆ 5 ಕೆಜಿ ಮಾತ್ರ. ಹಾಗಾಗಿ ಪೆಟ್ಟಿಗೆ ನಮ್ಮಲ್ಲೇ ಉಳಿಯಿತು. ಕೊರೊನಾ ಗಲಾಟೆಯಲ್ಲಿ ಅಮೆರಿಕದ ಅಂಗಡಿಗಳಲ್ಲಿ ತೋಟಾ ಸಿಗುವುದೇ ಕಷ್ಟವಾಯಿತು. 2021ರ ಬೇಸಿಗೆಯಲ್ಲಿ ಅವನ ಫೋನ್ ಬಂತು. "ಮಾರಾಯ, ಅದನ್ನ ಒಂದು ಡಬ್ಬಕ್ಕೆ ಹಾಕಿ ಪೋಸ್ಟ್ ಮಾಡಿಬಿಡೋ."

ಪೋಸ್ಟ್ ಮಾಡೋ ಹಾಗಿಲ್ಲ. ಅಮೆರಿಕದ ಅಂಚೆಯಲ್ಲಿ ತೋಟಾ ಕಳಿಸುವುದು ಪೂರ್ತಿ ನಿಷೇಧ. ಆಸೆ ಹುಟ್ಟಿಸುವಂಥ ವ್ಯವಸ್ಥೆ ಇರೋದು ಅಲ್ಲೇ ಅನ್ನೋದು ಬೇರೆ ಮಾತು. ಅಂಚೆಯ ಫ್ಲಾಟ್ ರೇಟ್ ಡಬ್ಬಿಗೆ ದೇಶದ ಒಳಗೆ 70 ಪೌಂಡ್ ತನಕ ಒಂದೇ ದರ. ತೋಟಾ ಅಂದರೆ ಅಂಗೈಯಗಲದ ಜಾಗದಲ್ಲಿ ಸೀಸದ ಭಾರ. ಯಾರಿಗಾದರೂ ತಲೆಗೆ ಹೊಳೆಯುವ ಐಡಿಯಾನೇ. ಹಾಗೆ ಮಾಡಿ ಸಿಕ್ಕಿಬಿದ್ದರೆ ಅದು ಫೆಡರಲ್ ಅಪರಾಧ. ಖಾಸಗಿ ಪಾರ್ಸೆಲ್ ಕಂಪನಿಯಲ್ಲಿ, ಅದೂ ರಸ್ತೆ ಮೂಲಕ ಹೋಗುವ ಗ್ರೌಂಡ್ ಸರ್ವಿಸಿನಲ್ಲಿ ಕಳಿಸೋದೇ ನನಗಿದ್ದ ದಾರಿ.

ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಕಳಿಸುವವನಿಗೂ ತೆಗೆದುಕೊಳ್ಳುವವನಿಗೂ ತೋಟಾ ಇಟ್ಟುಕೊಳ್ಳುವ ಹಕ್ಕು ಇದೆಯಾ? ನಮ್ಮವರು ಇದನ್ನು ಮರೆತೇಬಿಡುತ್ತಾರೆ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಪಡೆದವರಿಗೆ ಮತ್ತೆ ಇನ್ನು ಕೆಲವರಿಗೆ ವಿನಾಯಿತಿ ಇದೆ, ಅಷ್ಟೇ. ಗ್ರೀನ್ ಕಾರ್ಡ್ ಬಂದವರಿಗೆ ಆ ತಡೆ ಇಲ್ಲ. ನನಗೆ ಕಾರ್ಡ್ ಬಂದಿತ್ತು, ಅವನು ಸಿಟಿಜನ್. ನಾನು ಇನ್ನೂ ಎಚ್-1ಬಿಯಲ್ಲಿ ಇದ್ದಿದ್ದರೆ ಆ ಪೆಟ್ಟಿಗೆ ನಮ್ಮ ಬೇಸ್‌ಮೆಂಟಿನಲ್ಲಿ ಇದ್ದದ್ದೇ ತಪ್ಪಾಗುತ್ತಿತ್ತು. ಆಮೇಲೆ ರಾಜ್ಯದ ಕಾನೂನು ಬೇರೆ. ಅರಿಜೋನಾದಲ್ಲಿ ತಕರಾರಿಲ್ಲ. ಅವನು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಅಲ್ಲಿ 2018ರಿಂದ ತೋಟಾ ಮಾರಾಟ ಲೈಸೆನ್ಸ್ ಇರುವ ವ್ಯಾಪಾರಿಯ ಮೂಲಕವೇ ಆಗಬೇಕು.

ಒಂದು ಭಾನುವಾರ ಪೆಟ್ಟಿಗೆ ಬಿಚ್ಚಿದೆ. 9 ಎಂಎಂ ತೋಟಾದ ಹದಿನಾರು ಡಬ್ಬಿ, ಒಂದೊಂದರಲ್ಲಿ 50. ಹನ್ನೆರಡು ಗೇಜಿನ ಕೋವಿ ತೋಟಾ ಎಂಟು ಡಬ್ಬಿ, ಒಂದೊಂದರಲ್ಲಿ 25. ಇವನ್ನು ನೋಡಿದ ಕೂಡಲೇ ನನಗೆ ತೀರ್ಥಹಳ್ಳಿ ನೆನಪಾಯಿತು. ನಮ್ಮಪ್ಪ ಮಂಗ ಓಡಿಸಲು ಇಟ್ಟುಕೊಂಡಿದ್ದ ತೋಟಾ ಕೋವಿಗೂ ಇದೇ ಹನ್ನೆರಡರ ಅಳತೆ. ಅಲ್ಲಿ ಒಂದೊಂದು ತೋಟಾಕ್ಕೂ ಲೆಕ್ಕ, ಇಲ್ಲಿ ಬೇಳೆಯ ಹಾಗೆ ಡಬ್ಬಿ ಡಬ್ಬಿ. ಕೊನೆಗೆ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ಅದರ ತುಂಬ ಬಿಡಿ ತೋಟಾ! ಅವನೇ ಬಾಟಲಿ ಮೇಲೆ ಪೆನ್ನಿನಲ್ಲಿ "48" ಅಂತ ಬರೆದಿದ್ದ. ಎಣಿಸಿದರೆ 47.

ತೋಟಾವನ್ನು ಬಿಡಿಬಿಡಿಯಾಗಿ ಕಳಿಸುವಂತಿಲ್ಲ. ಒಂದೊಂದರ ಬುಡದಲ್ಲೂ ಪ್ರೈಮರ್ ಇರುತ್ತದೆ, ಕೋವಿಯ ಸೂಜಿ ಹೊಡೆಯುವ ಜಾಗ. ಅದಕ್ಕೆ ಇನ್ನೊಂದರ ಚೂಪು ತುದಿ ಕುಟ್ಟಬಾರದು. ಹಾಗಾಗಿ ಒಳಗಿನ ಡಬ್ಬಿಯಲ್ಲಿ ಗೂಡುಗಳಿರಬೇಕು, ಇಲ್ಲವೇ ಅಲುಗಾಡದ ಹಾಗೆ ಬಿಗಿಯಾಗಿ ಕೂರಬೇಕು. ಐವತ್ತು ಗೂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಆ 47ನ್ನೂ ಬುಡ ಮೇಲಾಗಿ ಕೂರಿಸಿದೆ. ಮೂರು ಗೂಡು ಖಾಲಿ ಉಳಿದವು. ಪೆಟ್ಟಿಗೆಯ ತಳದಲ್ಲಿ ಒಂದು ಡಬ್ಬಿ ಬಿಡಿ ಕೋವಿಮದ್ದಿನ ಪುಡಿಯೂ ಇತ್ತು. ತುಂಬಿದ ತೋಟಾದ ನಿಯಮ ಅದಕ್ಕೆ ಹೊಂದುವುದಿಲ್ಲ, ಅದು ಬೇರೆಯದೇ ವರ್ಗ. ಅದನ್ನು ಆಚೆ ಇಟ್ಟೆ.

ಕಾನೂನಿನ ಪ್ರಕಾರ ಒಂದು ಪೆಟ್ಟಿಗೆ ಎಲ್ಲಾ ಸೇರಿ 30 ಕೆಜಿ ಮೀರಬಾರದು. ನಂದು ಹೆಚ್ಚುಕಮ್ಮಿ 20 ಕೆಜಿ. ಒಂದರಲ್ಲೇ ಹಿಡಿಯುತ್ತೆ ಅಂದುಕೊಂಡು ತುಂಬಿದೆ, ಎತ್ತಿದೆ, ರಟ್ಟಿನ ತಳ ಚರ್ ಅಂತ ಬಿಟ್ಟುಕೊಂಡಿತು. ಕಾಲ ಹೆಬ್ಬೆರಳು ಉಳಿದದ್ದು ಪುಣ್ಯ. ಆಮೇಲೆ ಎರಡು ಪದರದ ಎರಡು ಸಣ್ಣ ಪೆಟ್ಟಿಗೆ ಮಾಡಿಕೊಂಡೆ. ಸಂದಿಗೆಲ್ಲ ಪೇಪರ್ ತುರುಕಿದೆ, ತಳಕ್ಕೂ ಅಂಚಿಗೂ ದಪ್ಪ ಟೇಪು ಸುತ್ತಿದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸದ್ದು ಬರಬಾರದು, ಅದು ನನ್ನ ಪರೀಕ್ಷೆ.

ಸೋಮವಾರ ಮಧ್ಯಾಹ್ನ ಮನೆ ಹತ್ತಿರದ ಪಾರ್ಸೆಲ್ ಅಂಗಡಿಗೆ ಹೋದೆ. "ಒಳಗೇನಿದೆ?" ಅಂತ ಕೇಳಿದರು, ಹೇಳಿದೆ. ಆ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ತಪ್ಪಿಲ್ಲ. ಅಂಥ ಫ್ರಾಂಚೈಸಿ ಅಂಗಡಿಗಳು ತೋಟಾ ತೆಗೆದುಕೊಳ್ಳೋದಿಲ್ಲ. ನಾನು ಮೊದಲೇ ಫೋನ್ ಮಾಡಬೇಕಿತ್ತು. ಫೋನ್ ಮಾಡಿದ ಮೇಲೆ ಗೊತ್ತಾಯಿತು, ಕಂಪನಿಯದೇ ದೊಡ್ಡ ಡಿಪೋಗೆ ಹೋಗಬೇಕು ಅಂತ. ಕೆಲವು ಕಂಪನಿಗಳು ಅಪಾಯಕಾರಿ ಸರಕಿಗೆ ಒಪ್ಪಂದ ಮಾಡಿಕೊಂಡವರಿಂದ ಮಾತ್ರ ತೋಟಾ ತೆಗೆದುಕೊಳ್ಳುತ್ತವೆ, ನಮ್ಮಂಥ ಒಬ್ಬೊಬ್ಬರಿಂದ ಇಲ್ಲ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಆ ವರ್ಷ ನನಗೆ ನಡೆದದ್ದು ನಿಮಗೆ ನಡೆಯಲಿಕ್ಕಿಲ್ಲ. ಅದಕ್ಕೇ ಕಂಪನಿ ಯಾವುದು ಅಂತ ಬರೆದಿಲ್ಲ. ಪೆಟ್ಟಿಗೆ ಕಟ್ಟುವ ಮೊದಲೇ ಕೇಳಿ.

ಡಿಪೋದಲ್ಲಿ ಇನ್ನೊಂದು ಎಡವಟ್ಟು. ನಾನು ಬಳಸಿದ ಎರಡು ಪೆಟ್ಟಿಗೆಯಲ್ಲಿ ಒಂದು ಹಳೇದು, ಅದರ ಮೇಲೆ "ಓಆರ್‌ಎಂ-ಡಿ" ಅಂತ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ತೋಟಾಕ್ಕೆ ಮೊದಲು ಅದೇ ಗುರುತು, ನಾನು ಅದನ್ನು ನೋಡಿಯೇ ಆ ಪೆಟ್ಟಿಗೆ ಆರಿಸಿದ್ದೆ! ಕೌಂಟರಿನ ಹಿರಿಯರು ಕನ್ನಡಕ ಮೇಲೆ ಮಾಡಿ ಹೇಳಿದರು, ಇದು 2020ರ ಕೊನೆಗೇ ಮುಗಿಯಿತು ಅಂತ. ಈಗ ಇರಬೇಕಾದದ್ದು ಲಿಮಿಟೆಡ್ ಕ್ವಾಂಟಿಟಿ ಗುರುತು, ಅಂದರೆ ಒಳಗೆ ಅಪಾಯಕಾರಿ ಸರಕು ಸಣ್ಣ ಪ್ರಮಾಣದಲ್ಲಿದೆ ಅನ್ನುವ ಗುರುತು. ವಜ್ರದ ಆಕಾರ, ಮೇಲಿನ ಕೆಳಗಿನ ಮೂಲೆ ಕಪ್ಪು, ನಡುವೆ ಬಿಳಿ, ಬದಿ 100 ಮಿಲಿಮೀಟರ್. ನಡುವೆ "ವೈ" ಅಕ್ಷರ ಇರುವುದು ವಿಮಾನದ ಸರಕಿಗೆ, ನಮಗೆ ಬೇಕಾದದ್ದು ಖಾಲಿ ಇರುವುದು. ಮನೆಗೆ ವಾಪಸ್ ಬಂದೆ, ಪ್ರಿಂಟ್ ಹಾಕಿದೆ, ಸ್ಕೇಲ್ ಇಟ್ಟು ಅಳೆದೆ. ಹಳೇ ಅಕ್ಷರದ ಮೇಲೆ ಬ್ರೌನ್ ಪೇಪರ್ ಅಂಟಿಸಿದೆ.

ಮಾರನೇ ದಿನ ಜೊತೆಗೊಂದು ಚೀಟಿಯನ್ನೂ ಒಯ್ದೆ. ರಾಜ್ಯದಿಂದ ರಾಜ್ಯಕ್ಕೆ, ಲೈಸೆನ್ಸ್ ಇಲ್ಲದ ವ್ಯಕ್ತಿಗೆ ತೋಟಾ ಕಳಿಸುವಾಗ ಒಳಗೆ ತೋಟಾ ಇದೆ ಅಂತ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಬೇಕು, ಬಾಯಲ್ಲಿ ಹೇಳಿದರೆ ಸಾಲದು. ಎರಡು ಸಾಲು, ತಾರೀಖು, ಸಹಿ. ಒಂದು ಪ್ರತಿ ಅವರಿಗೆ, ಇನ್ನೊಂದಕ್ಕೆ ಅವರಿಂದ ಸಹಿ ಹಾಕಿಸಿಕೊಂಡು ಜೇಬಿಗೆ. ತೆಗೆದುಕೊಳ್ಳುವಾಗ ದೊಡ್ಡವರೇ ಸಹಿ ಮಾಡಬೇಕು ಅನ್ನುವ ಸೌಲಭ್ಯಕ್ಕೂ ದುಡ್ಡು ಕಟ್ಟಿದೆ, ಅವನ ಮನೆಯಲ್ಲಿ ಹದಿಮೂರರ ಮಗ ಇದ್ದಾನೆ.

ಐದನೇ ದಿನ ಫೋನ್ ಬಂತು. "ಬಂತು ಮಾರಾಯ. ಆದರೆ ಒಂದು ಕಮ್ಮಿ ಇದೆಯಲ್ಲೋ?" ನೀನೇ ತಪ್ಪು ಎಣಿಸಿದ್ದೀ ಅಂತ ಬೈದು ಇಟ್ಟೆ.

ಡಿಸೆಂಬರಿನಲ್ಲಿ ಊರಿಗೆ ಹೊರಟಾಗ ಅವನು ಬಿಟ್ಟು ಹೋಗಿದ್ದ ನೀಲಿ ಬ್ಯಾಗಿಗೆ ಮಕ್ಕಳ ಸ್ವೆಟರ್ ತುಂಬುತ್ತಿದ್ದೆ. ಪಕ್ಕದ ಜಿಪ್ಪಿನಲ್ಲಿ ಬೆರಳಿಗೆ ತಣ್ಣಗೆ ಏನೋ ತಾಗಿತು. ನಲವತ್ತೆಂಟನೆಯದು. ಲೈಸೆನ್ಸ್ ಇಲ್ಲದೆ ಒಂದೇ ಒಂದು ತೋಟಾ ಇದ್ದರೂ ನಮ್ಮಲ್ಲಿ ಆರ್ಮ್ಸ್ ಆಕ್ಟ್ ಕೇಸು. ಗೊತ್ತಿಲ್ಲದೆ ಉಳಿದಿತ್ತು ಅಂತ ಕೋರ್ಟಿನಲ್ಲಿ ಹೇಳಿಕೊಳ್ಳಬಹುದು, ಆದರೆ ಅದಕ್ಕೂ ಮೊದಲು ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಪೊಲೀಸರ ಎದುರು ಕೂರಬೇಕಲ್ವಾ? ಸ್ವೆಟರ್ ಎಲ್ಲ ಹೊರಗೆ ತೆಗೆದೆ. ಆ ಬ್ಯಾಗನ್ನು ಬಿಟ್ಟು ಹೊಸ ಸೂಟ್‌ಕೇಸ್ ತಂದೆ.