ನಾಯಿಕಲ್ಲು: ನಾನು ಆಡಿಸುವ ನಾಲ್ಕು ದಾರಿಯ ಊರು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಕಥೆ ಕಟ್ಟುವ ಆಟ ಆಡಿಸುವವರಲ್ಲಿ ಹಲವರು ಮೊದಲು ಏಳು ರಾಜ್ಯ, ಮೂರು ಸಮುದ್ರದ ಭೂಪಟ ಬಿಡಿಸಿಕೊಂಡು ಕೂರುತ್ತಾರೆ. ನನಗೆ ಅಷ್ಟು ತಾಳ್ಮೆ ಇಲ್ಲ. ಭಾನುವಾರ ಮಂಡ್ಯದ ನಮ್ಮ ಮನೆಯ ಮಹಡಿ ಮೇಲೆ ಸೇರುವ ಗೆಳೆಯರಿಗಾಗಿ ನಾನು ಕಟ್ಟಿದ್ದು ಒಂದೇ ಒಂದು ಹಳ್ಳಿ, ಅದೂ ನಾಲ್ಕು ದಾರಿ ಕೂಡುವಲ್ಲಿ. 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಈ ಆಟದಲ್ಲಿ ಒಬ್ಬ ಲೋಕವನ್ನು ಹೇಳುತ್ತಾ ಹೋಗುತ್ತಾನೆ, ಉಳಿದವರು ಪಾತ್ರಗಳಾಗಿ ಅದರೊಳಗೆ ನಡೆಯುತ್ತಾರೆ, ಆಗುತ್ತೋ ಇಲ್ಲವೋ ಎನ್ನುವುದನ್ನು 20 ಮುಖದ ದಾಳ ಹೇಳುತ್ತದೆ. ಇಷ್ಟಕ್ಕೆ ಸಮುದ್ರ ಯಾಕೆ ಬೇಕು?

ಊರಿಗೆ ನಾಯಿಕಲ್ಲು ಅಂತ ಹೆಸರಿಟ್ಟೆ. ಆಡುವವರು ಅದನ್ನು ‘ನಾಯಿಕಲ್ಲು ಗೇಟ್’ ಮಾಡಿದರು. ರಸ್ತೆ ಕವಲೊಡೆದ ಕಡೆಯೆಲ್ಲ ಗೇಟ್ ಅನ್ನುವ ಸೀಮೆಯವರು, ಬಿಡಿ.

ಆ ಕಲ್ಲು ನನ್ನ ಕಲ್ಪನೆಯಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949–50ರ ಶಾಸನವೊಂದು ಸಿಕ್ಕಿದೆ. ಗಂಗರ ದೊರೆ ಬೂತುಗನಿಂದ ಅವನ ಕಡೆಯ ವೀರ ಮಣಲೆರ ಕೇಳಿ ಪಡೆದ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯ ಜೊತೆ ಕಾದಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶಿವನ ಪೂಜಾರಿಗೆ, ಪಾಪ ಎನ್ನುವ ಮಾತೂ ಅದರಲ್ಲಿದೆ. ಕಲ್ಲೇನೋ ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಆ ಪಾಪವನ್ನು ಮಾತ್ರ ನನ್ನ ಊರಿಗೆ ಎತ್ತಿಕೊಂಡು ಬಂದೆ. ನಾಯಿಕಲ್ಲಿನ ಗೊರವ ಪೂಜೆ ಬಿಟ್ಟು ವರ್ಷಗಳಾಗಿವೆ, ಮಾನ್ಯದ ಗದ್ದೆ ಮಾತ್ರ ಉಣ್ಣುತ್ತಿದ್ದಾನೆ. ಅಮಾವಾಸ್ಯೆ ರಾತ್ರಿ ನಾಲ್ಕು ದಾರಿಯಲ್ಲೂ ಒಂದೇ ನಾಯಿ ಬೊಗಳುತ್ತದೆ.

ದಾರಿಗಳಿಗೆ ದಿಕ್ಕಿಗಿಂತ ಮೊದಲು ಸರಕು ಕೊಟ್ಟೆ. ಒಂದರಲ್ಲಿ ಆಲೆಮನೆಯ ಬೆಲ್ಲದ ಗಾಡಿ, ಇನ್ನೊಂದರಲ್ಲಿ ಬೆಟ್ಟದ ಜಾತ್ರೆಗೆ ಹೋಗುವ ಪರಸೆಯವರು, ಮೂರನೆಯದರಲ್ಲಿ ರಾಜಧಾನಿಯ ಕುದುರೆ. ಕಾಡಿನ ದಾರಿಯಲ್ಲಿ ಜೇನು ಬರುತ್ತದೆ, ಕತ್ತಲಾದ ಮೇಲೆ ಬೇರೆಯವರೂ ಬರುತ್ತಾರೆ. ಬೆಲ್ಲದ ಗಾಡಿ ಸಂತೆಗೆ ಬರಲಿಲ್ಲ ಅಂದರೆ ಸಾಕು, ಯಾಕೆ ಅಂತ ನೋಡಲು ಆಡುವವರು ತಾವಾಗಿಯೇ ಹೊರಡುತ್ತಾರೆ. ಇಂಗ್ಲಿಷ್ ಕಥೆಗಳ ಹೆಂಡದಂಗಡಿಯ ಬದಲು ಛತ್ರ, ಅರವಟ್ಟಿಗೆ ಇಟ್ಟೆ. ಮಜ್ಜಿಗೆ ಕುಡಿಯುವವನ ಬಾಯಲ್ಲೂ ಸುದ್ದಿ ನಿಲ್ಲುವುದಿಲ್ಲ. ದುಡ್ಡಿನ ವಿಷಯದಲ್ಲಿ ಕಷ್ಟವೇ ಆಗಲಿಲ್ಲ. ಆಟದ ನಿಯಮದಲ್ಲಿ ಹತ್ತು ಬೆಳ್ಳಿ ನಾಣ್ಯಕ್ಕೆ ಒಂದು ಚಿನ್ನದ ನಾಣ್ಯ, ನಮ್ಮ ಮೈಸೂರು ಸೀಮೆಯ ಹಳೇ ಲೆಕ್ಕದಲ್ಲೂ ಹತ್ತು ಕಂಠೀರಾಯಿ ಹಣಕ್ಕೆ ಒಂದು ವರಹ. ಹೆಸರು ಬದಲಾಯಿಸಿದೆ, ಅಷ್ಟೇ.

ಆದರೆ ಊರು ನಿಜವಾಗಿ ಓಡುವುದು ಕೆರೆಯ ಮೇಲೆ. ಸರದಿ ಪ್ರಕಾರ ತೂಬು ಎತ್ತಿ ಗದ್ದೆಗೆ ನೀರು ಬಿಡುವ ನೀರಗಂಟಿಗಿಂತ ದೊಡ್ಡ ಮನುಷ್ಯ ನನ್ನ ಊರಲ್ಲಿಲ್ಲ. ಪಟೇಲನೂ ಅವನನ್ನು ಎದುರು ಹಾಕಿಕೊಳ್ಳುವುದಿಲ್ಲ. ಒಂದು ರಾತ್ರಿ ಆಡುವವರು ತೂಬಿನ ಹತ್ತಿರ ಸುಳಿದಾಡುವಾಗ ಸಿಕ್ಕಿಬಿದ್ದರು.

“ಯಾರ್ ಕೇಳ್ಕಂಡು ಇಲ್ಲಿಗಂಟ ಬಂದ್ರಿ?” ಅಂತ ನೀರಗಂಟಿಯಾಗಿ ಗದರಿದೆ.

ಕಳ್ಳನ ಪಾತ್ರದ ಗೆಳೆಯ ತಡವರಿಸಲೇ ಇಲ್ಲ. “ಅಣ್ಣೋ, ನಮ್ಮತ್ತೆ ಗದ್ದೆ ಒಣಗೋಯ್ತಾ ಐತೆ ಕಣಣ್ಣೋ!”

ದಾಳ ಉರುಳಿತು, 17. ನೀರಗಂಟಿ ನಂಬಿದ. ನಂಬಿದವನು ಸುಮ್ಮನಿರಬೇಕಲ್ಲ, “ಯಾವ ಮನೆ ನಿಮ್ಮತ್ತೆ?” ಅಂದ.

ಯಾವ ಮನೆ ಹೆಸರು ಹೇಳಿದರೂ ಆ ಮನೆಗೆ ಆಗದವರೆಲ್ಲ ಇವರಿಗೂ ಆಗದವರೇ. ಕಳ್ಳ ಸುಂಕದವನ ಮನೆ ತೋರಿಸಿದ. ಮಾರನೆಯ ಬೆಳಗ್ಗೆ ಗಾಡಿಯವರೆಲ್ಲ ಮುಖ ತಿರುಗಿಸಿದರು, ಸುಂಕದವನ ಹೆಂಡತಿಯೋ ಅಳಿಯನನ್ನು ಊಟಕ್ಕೆ ಕರೆದಳು. ಆ ಭಾನುವಾರ ನಾನು ಸಿದ್ಧ ಮಾಡಿಟ್ಟಿದ್ದ ಗುಹೆಯ ರಾಕ್ಷಸನ ಹತ್ತಿರ ಯಾರೂ ಹೋಗಲೇ ಇಲ್ಲ. ನನಗೂ ಅವನ ನೆನಪಾಗಲಿಲ್ಲ.

ಊರಿನವರ ಬಗ್ಗೆ ನಾನು ಪುಟಗಟ್ಟಲೆ ಬರೆಯುವುದಿಲ್ಲ. ಯಾರಿಗೆ ಸಾಲ ತೀರಿಸಬೇಕು, ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾವ ದಾರಿ ತುಳಿಯುವುದಿಲ್ಲ, ಇಷ್ಟು ಗುರುತು ಹಾಕಿಕೊಂಡರೆ ಮಿಕ್ಕಿದ್ದು ಬಾಯಿಗೆ ಬರುತ್ತದೆ. ಗೊರವನ ಚೀಟಿಯಲ್ಲಿ ಇರುವುದು ಹೀಗೆ: ‘ಸಾಲ ನೀರಗಂಟಿಗೆ. ಮಾತಿಲ್ಲದ್ದು ತಮ್ಮನ ಜೊತೆ. ಕಾಡಿನ ದಾರಿ ಹಗಲಲ್ಲೂ ಬೇಡ.’