ಅಕ್ಕನ ಮಗಳಿಗೆ ಇ-ರೀಡರ್ ಕೊಡಿಸುವ ಮೊದಲು ಮಾಡಿದ ಕೆಲಸಗಳು

ಅಕ್ಕನ ಮನೆ ಸಾಗರದ ಹತ್ತಿರದ ಹಳ್ಳಿಯಲ್ಲಿ. ಅವಳ ಮಗಳಿಗೆ ಓದುವುದೆಂದರೆ ಪ್ರಾಣ. ಅಜ್ಜನ ಕಪಾಟಿನ ಪುಸ್ತಕಗಳು ಏಳನೇ ಕ್ಲಾಸಿಗೇ ಮುಗಿದಿದ್ದವು. ಆಮೇಲೆ ಶಾಲೆಯ ಲೈಬ್ರರಿ, ಪೇಟೆಯ ಲೈಬ್ರರಿ, ನಾನು ಬೆಂಗಳೂರಿನಿಂದ ಹೋಗುವಾಗ ಒಯ್ಯುವ ಚೀಲ. ದಿನಸಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ, ಕೈಯಿಂದ ನೀವಿ ಓದುತ್ತಾಳೆ.

2025ರ ಮೇ ತಿಂಗಳಲ್ಲಿ ಅವಳ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು. ಕನ್ನಡ ಮಾಧ್ಯಮ, ಒಳ್ಳೆಯ ಅಂಕ. ದಕ್ಷಿಣ ಕನ್ನಡದ ಒಂದು ಕಾಲೇಜಿನಲ್ಲಿ ಪಿಯುಸಿ ಸೈನ್ಸಿಗೆ ಸೀಟು ಸಿಕ್ಕಿತು. ಹಾಸ್ಟೆಲ್ ವಾಸ. ನಾನೂ ತಮ್ಮನೂ ಸೇರಿ ಏನಾದರೂ ಕೊಡಿಸೋಣ ಅಂದುಕೊಂಡೆವು. ನನಗೆ ತಕ್ಷಣ ಹೊಳೆದದ್ದು ಇ-ರೀಡರ್, ಅಂದರೆ ಪುಸ್ತಕ ಓದುವುದಕ್ಕೆಂದೇ ಇರುವ ಸ್ಲೇಟಿನಂಥ ಸಾಧನ. ಒಂದು ಟ್ರಂಕಿನಲ್ಲಿ ಬಟ್ಟೆ, ಪಠ್ಯಪುಸ್ತಕ, ಬಕೆಟ್ಟು ಎಲ್ಲ ತುಂಬಿಕೊಂಡು ಹೋಗುವ ಹುಡುಗಿ ಕಥೆಪುಸ್ತಕ ಎಷ್ಟು ಅಂತ ಒಯ್ಯುತ್ತಾಳೆ?

ಅಕ್ಕ ಮಾತ್ರ ಒಪ್ಪಲಿಲ್ಲ. "ಅಲ್ಲ ಕಣೇ, ಆ ದುಡ್ಡಿಗೆ ಎಂಬತ್ತು ಪುಸ್ತಕ ಬರುತ್ತಲ್ಲ" ಅಂದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ನಾನು ನೋಡುತ್ತಿದ್ದ, ಅಮೆಜಾನ್ ಕಂಪನಿಯ ಇ-ರೀಡರ್ ಆದ ಕಿಂಡಲ್ ಪೇಪರ್‌ವೈಟ್‌ನ ಬೆಲೆ ಆಗ 16,999 ರೂಪಾಯಿ. ಒಂದು ಪುಸ್ತಕಕ್ಕೆ 200 ರೂಪಾಯಿ ಅಂದರೂ ಎಂಬತ್ತನ್ನು ದಾಟುತ್ತದೆ. ಈ ಮಾತಿಗೆ ಸರಿಯಾದ ಉತ್ತರ ಸಿಗದೆ ದುಡ್ಡು ಹಾಕಬಾರದು ಅನ್ನಿಸಿತು.

ಹಾಗಾಗಿ ಯಾವ ಮಾಡೆಲ್ ಚೆನ್ನಾಗಿದೆ ಅಂತ ನೋಡುವುದನ್ನು ನಿಲ್ಲಿಸಿದೆ. ಮಗಳಿಗೆ ಫೋನ್ ಮಾಡಿ, "ಕಳೆದ ಒಂದು ವರ್ಷದಲ್ಲಿ ಓದಿದ್ದನ್ನೆಲ್ಲ ನೆನಪಿದ್ದಷ್ಟು ಬರೆದು ಕಳಿಸು ಪುಟ್ಟಿ" ಅಂದೆ. ಯಾಕೆ ಅಂತ ಹೇಳಲಿಲ್ಲ. ಮಾರನೇ ದಿನ ಅಕ್ಕನ ವಾಟ್ಸಾಪ್‌ನಲ್ಲಿ ನೋಟ್‌ಬುಕ್ಕಿನ ಎರಡು ಪುಟದ ಫೋಟೊ ಬಂತು. ಒಟ್ಟು 31 ಪುಸ್ತಕ. ಅದರಲ್ಲಿ 24 ಕನ್ನಡದವು, 7 ಇಂಗ್ಲಿಷಿನವು. ಇಂಗ್ಲಿಷಿನ ಎರಡರ ಮುಂದೆ "ಅರ್ಧ" ಅಂತ ಬರೆದಿದ್ದಳು.

ಆ ಎರಡು ಪುಟ ನನಗೆ ತುಂಬ ಕಲಿಸಿತು. ಓದುವ ಮಕ್ಕಳಿಗೆ ಇ-ರೀಡರ್ ಕೊಡಿಸಬೇಕು ಅಂತ ಯಾರು ಕೇಳಿದರೂ ನಾನು ಈಗ ಮೊದಲು ಹೇಳುವುದು ಇದನ್ನೇ. ಪಟ್ಟಿ ತರಿಸಿಕೊಳ್ಳಿ. ಆ ಪಟ್ಟಿಯ ಪುಸ್ತಕಗಳಲ್ಲಿ ಎಷ್ಟು ಆ ಸಾಧನದೊಳಗೆ ಬರುತ್ತವೆ ಅಂತ ಕೂತು ಹುಡುಕಿ. ಮಾಡೆಲ್ ಆಮೇಲೆ ನೋಡಿದರಾಯಿತು.

ನಾನು ಕೂತು ಹುಡುಕಿದೆ. ಇಂಗ್ಲಿಷಿನ ಏಳೂ ಸಿಕ್ಕವು. ಕನ್ನಡದ 24ರಲ್ಲಿ ಇ-ರೀಡರ್‌ಗೆ ನೇರವಾಗಿ ಇಳಿಸಿಕೊಳ್ಳುವಂಥದ್ದು ಒಂದೂ ಸಿಗಲಿಲ್ಲ.

ಕನ್ನಡದಲ್ಲಿ ಇ-ಪುಸ್ತಕಗಳೇ ಇಲ್ಲ ಅಂತಲ್ಲ. ಮೈಲ್ಯಾಂಗ್ ಅನ್ನುವ ಕನ್ನಡ ಇ-ಪುಸ್ತಕಗಳ ಆ್ಯಪ್ ಇದೆ, ಗೂಗಲ್ ಪ್ಲೇ ಬುಕ್ಸ್‌ನಲ್ಲಿಯೂ ಕನ್ನಡ ಪುಸ್ತಕಗಳಿವೆ. ಅವಳ ಪಟ್ಟಿಯ ಕೆಲವು ಅಲ್ಲಿದ್ದವು. ಆದರೆ ಮೈಲ್ಯಾಂಗ್‌ನಲ್ಲಿ ಕೊಂಡದ್ದನ್ನು ಆ ಆ್ಯಪ್‌ನೊಳಗೇ ಓದಬೇಕು, ಅಂದರೆ ಫೋನಿನಲ್ಲಿ ಇಲ್ಲವೇ ಟ್ಯಾಬಿನಲ್ಲಿ. ಇನ್ನು ಕಿಂಡಲ್ ವಿಷಯ. 2016ರ ಕೊನೆಗೆ ಅದಕ್ಕೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು. ಆ ಐದರಲ್ಲಿ ಕನ್ನಡ ಇರಲಿಲ್ಲ. ಕನ್ನಡ ಓದುವ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ನನಗೆ ಇವತ್ತಿಗೂ ಅದು ನೋವಿನ ವಿಷಯ.

ಹಾಗಾದರೆ ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನ, ಅಂದರೆ ಕಾಗದದ ಹಾಗೆ ಕಾಣುವ ತೆರೆಯದ್ದು, ಕೊಂಡರೆ? ಬೂಕ್ಸ್ ಅನ್ನುವ ಕಂಪನಿಯದರ ಥರದವು ಇವೆ. ಅವುಗಳಲ್ಲಿ ಪ್ಲೇ ಸ್ಟೋರ್ ಇರುತ್ತದೆ, ಕನ್ನಡದ ಆ್ಯಪ್‌ಗಳನ್ನು ಹಾಕಿಕೊಳ್ಳಬಹುದು. ಒಂದು ವಾರ ನನ್ನ ಮನಸ್ಸು ಪೂರ್ತಿ ಅದರ ಮೇಲೇ ಇತ್ತು. ಕನ್ನಡವೇ ಜಾಸ್ತಿ ಓದುವವರು, ಮನೆಯಲ್ಲೇ ಇರುವವರು ಆದರೆ ಅದನ್ನೇ ನೋಡಿ ಅನ್ನುತ್ತೇನೆ. ನಮ್ಮ ಹುಡುಗಿಗೆ ಅದು ಆಗಲಿಲ್ಲ. ಕಾರಣ ಹಾಸ್ಟೆಲ್.

ಆ ಕಡೆಯ ಪಿಯು ಹಾಸ್ಟೆಲ್‌ಗಳಲ್ಲಿ ಫೋನಿಗೆ ಬಿಡುವುದಿಲ್ಲ ಅಂತ ಗೊತ್ತಿತ್ತು. ಇ-ರೀಡರ್ ಹೇಗೆ? ಕೊಂಡು ಕಳಿಸಿ, ಅವರು ಕಸಿದು ಬೀರುವಿನಲ್ಲಿಟ್ಟರೆ ಹುಡುಗಿಗೆ ಎಷ್ಟು ಬೇಜಾರು! ಅದಕ್ಕೇ ಕೊಳ್ಳುವ ಮೊದಲೇ ವಾರ್ಡನ್‌ಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಮೇಡಂ, ಅದರಲ್ಲಿ ಫೋನ್ ಮಾಡಕ್ಕಾಗ್ತದಾ?" ಸಿಮ್ ಇಲ್ಲ, ಕ್ಯಾಮೆರಾ ಇಲ್ಲ, ಸ್ಪೀಕರೂ ಇಲ್ಲ ಅಂದೆ. ವೈಫೈ ಇದೆ, ಒಂದು ಸಾದಾ ಬ್ರೌಸರ್ ಇದೆ, ಅದನ್ನು ಪಿನ್ ಹಾಕಿ ಮುಚ್ಚಬಹುದು ಅಂತಲೂ ಹೇಳಿದೆ. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ ಕಷ್ಟ ಅನುಭವಿಸುವವಳು ಮಗಳು, ಅಲ್ವಾ? ಅವರು ಸ್ವಲ್ಪ ಯೋಚಿಸಿ, "ತಂದು ತೋರಿಸಿ. ಸ್ಟಡಿ ಟೈಮಲ್ಲಿ ತೆಗೆಯುವ ಹಾಗಿಲ್ಲ" ಅಂದರು. ಪ್ಲೇ ಸ್ಟೋರ್ ಇರುವ ಸಾಧನ ಆಗಿದ್ದರೆ ಈ ಒಪ್ಪಿಗೆ ಸಿಗುತ್ತಿರಲಿಲ್ಲ. ಕೇಳುವುದಕ್ಕೇ ನನಗೆ ಬಾಯಿ ಬರುತ್ತಿರಲಿಲ್ಲ.

ಅಲ್ಲಿಗೆ ಪೇಪರ್‌ವೈಟ್ ಅಂತ ಆಯಿತು. ಕೋಬೊ ಅನ್ನುವ ಇನ್ನೊಂದು ಇ-ರೀಡರ್ ಕೂಡ ಒಳ್ಳೆಯದೇ, ಆದರೆ ಕೆಟ್ಟರೆ ಇಲ್ಲಿ ಯಾರ ಹತ್ತಿರ ಹೋಗುವುದು ಅಂತ ಬಿಟ್ಟೆ. ಬಣ್ಣದ ಇ-ಇಂಕ್ ತೆರೆಯನ್ನೂ ಯೋಚಿಸಿದ್ದೆ. ಈಗ ಬರುತ್ತಿರುವ ಬಣ್ಣದ ತೆರೆಗಳಲ್ಲಿ ಕಪ್ಪು-ಬಿಳಿ ಅಕ್ಷರಕ್ಕೆ ಇಂಚಿಗೆ 300 ಚುಕ್ಕಿ, ಬಣ್ಣಕ್ಕೆ 150 ಮಾತ್ರ. ತೆರೆಯೂ ಸ್ವಲ್ಪ ಮಂಕು. ಕಾಮಿಕ್ಸ್ ಓದುವ ಮಕ್ಕಳಾದರೆ ಸರಿ. ಇವಳ ಪಟ್ಟಿಯಲ್ಲಿ ಚಿತ್ರದ ಪುಸ್ತಕ ಒಂದೂ ಇರಲಿಲ್ಲ.

ಟ್ಯಾಬ್ ಯಾಕೆ ಬೇಡ ಅಂತ ತಮ್ಮ ಕೇಳಿದ. ಕಾರಣ ತೆರೆ ಅಂದೆ. ಇ-ಇಂಕ್ ತೆರೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಒಂದೊಂದರಲ್ಲೂ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ ಕೊಟ್ಟಾಗ ಬೇಕಾದ ಬಣ್ಣದ ಕಣ ಮೇಲೆ ಬರುತ್ತದೆ, ಬಂದದ್ದು ಅಲ್ಲೇ ನಿಲ್ಲುತ್ತದೆ. ಪುಟ ತಿರುಗಿಸುವಾಗ ಬಿಟ್ಟರೆ ಅಕ್ಷರ ನಿಲ್ಲಿಸಲು ಕರೆಂಟೇ ಬೇಡ. ಬೆಳಕೂ ಅಂಚಿನಿಂದ ಪುಟದ ಮೇಲೆ ಬೀಳುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ದಿನಕ್ಕೆ ಅರ್ಧ ಗಂಟೆ, ವೈಫೈ ಆಫ್ ಮಾಡಿ ಓದಿದರೆ 12 ವಾರ ಚಾರ್ಜ್ ಬರುತ್ತದೆ ಅಂತ ಕಂಪನಿಯವರು ಹೇಳುತ್ತಾರೆ. ನಮ್ಮವಳು ದಿನಕ್ಕೆ ಮೂರು ಗಂಟೆ ಓದುವವಳು. ಎರಡು ವಾರ ಬಂದರೂ ಸಾಕು ಅಂದುಕೊಂಡೆ. ಮಳೆಗಾಲದಲ್ಲಿ ಅಕ್ಕನ ಮನೆಯಲ್ಲಿ ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಆಗಲೂ ಓದಬಹುದು. ನೀರಿಗೆ ಬಿದ್ದರೂ ತಡೆಯುತ್ತದೆ. ಎರಡು ಮೀಟರ್ ಸಿಹಿನೀರಿನಲ್ಲಿ ಒಂದು ಗಂಟೆಯವರೆಗೆ ಅಂತ ಅದರ ಲೆಕ್ಕ. ಕರಾವಳಿಯ ಜೂನ್ ತಿಂಗಳ ಮಳೆ ನೋಡಿದವರಿಗೆ ಇದರ ಬೆಲೆ ಗೊತ್ತು.

ನೀರು ತಡೆಯುತ್ತದೆ, ಭಾರ ಮಾತ್ರ ತಡೆಯುವುದಿಲ್ಲ. ನನ್ನ ಮೊದಲ ಇ-ರೀಡರ್ ಹೋದದ್ದು ಹಾಗೆ. ಬ್ಯಾಗಿನಲ್ಲಿ ಸ್ಟೀಲ್ ಟಿಫನ್ ಡಬ್ಬಿಯ ಕೆಳಗೆ ಸಿಕ್ಕಿತ್ತು. ಹೊರಗಿನಿಂದ ಒಂದು ಗೀರೂ ಇಲ್ಲ. ಆನ್ ಮಾಡಿದರೆ ಅರ್ಧ ಪುಟ ಮಾತ್ರ ಬದಲಾಗುತ್ತದೆ, ಇನ್ನರ್ಧದಲ್ಲಿ ಹಳೆಯ ಪುಟವೇ ನಿಂತುಬಿಟ್ಟಿದೆ. ಒಳಗಿನ ತೆಳು ಗಾಜು ಒಡೆದಿತ್ತು. ರಿಪೇರಿಗೆ ಕೇಳಿದ ದುಡ್ಡಿಗೆ ಇನ್ನೊಂದು ಸ್ವಲ್ಪ ಹಾಕಿದರೆ ಹೊಸದೇ ಬರುತ್ತಿತ್ತು. ಅದಕ್ಕೇ ಮಗಳಿಗೆ ಮಡಚುವ ಗಟ್ಟಿ ಕವರನ್ನು ಜೊತೆಗೇ ಕೊಂಡೆ. ಉಡುಗೊರೆಗೆ ದುಡ್ಡು ಎತ್ತಿಡುವಾಗ ಕವರಿನದ್ದನ್ನೂ ಸೇರಿಸಿಯೇ ಎತ್ತಿಡಿ.

ಇನ್ನು ಕನ್ನಡದ ಪ್ರಶ್ನೆ. ಅದಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ.

ಕನ್ನಡದ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಉಚಿತ ಜಾಲತಾಣವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಶಿ ಇವೆ. ವಿಕಿಸೋರ್ಸ್‌ನಲ್ಲಿಯೂ ಕೆಲವು ಸಿಗುತ್ತವೆ. ಅಲ್ಲಿ ಇದೆ ಅಂದ ಮಾತ್ರಕ್ಕೆ ಎಲ್ಲವನ್ನೂ ಇಳಿಸಿಕೊಳ್ಳಬಹುದು ಅಂತಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. 2025ರಲ್ಲಿ ಲೆಕ್ಕ ಹಾಕಿದರೆ 1964ರೊಳಗೆ ತೀರಿಕೊಂಡವರ ಬರಹ ಮುಕ್ತ. ನಾನು ಅಷ್ಟಕ್ಕೇ ನಿಂತೆ. ಬದುಕಿರುವ ಲೇಖಕರ ಪುಸ್ತಕವನ್ನು ಕದ್ದ ಪಿಡಿಎಫ್‌ನಲ್ಲಿ ಓದುವ ಅಭ್ಯಾಸ ಹುಡುಗಿಗೆ ನನ್ನಿಂದ ಆಗಬಾರದು.

ಪಿಡಿಎಫ್‌ನಲ್ಲಿ ಒಂದು ಒಳ್ಳೆಯದಿದೆ. ಅಕ್ಷರ ಪುಟದೊಳಗೇ ಕೂತಿರುವುದರಿಂದ ಒತ್ತಕ್ಷರ ಒಡೆಯುವುದಿಲ್ಲ. ಕೆಟ್ಟದ್ದೂ ಇದೆ. ಏಳು ಇಂಚಿನ ತೆರೆಯಲ್ಲಿ ದೊಡ್ಡ ಪುಟ ಹಿಡಿಸಿದಾಗ ಅಕ್ಷರ ಇರುವೆಯಷ್ಟಾಗುತ್ತದೆ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಆ ಕಡೆ ಈ ಕಡೆ ಎಳೆಯಬೇಕು. ಹಾಗೆ ಯಾರೂ ಕಾದಂಬರಿ ಓದಲಾರರು. ನನ್ನ ಹತ್ತಿರ ಇದ್ದ ರೀಡರ್‌ನಲ್ಲಿ ಮೂರು ರಾತ್ರಿ ಪ್ರಯೋಗ ಮಾಡಿದೆ. ಸಾಧನವನ್ನು ಅಡ್ಡ ತಿರುಗಿಸಿ ಅಡ್ಡಪುಟದ ಸೆಟ್ಟಿಂಗ್ ಹಾಕಿದಾಗ ಪುಟದ ಅರ್ಧ ಭಾಗ ಪೂರ್ತಿ ಅಗಲದಲ್ಲಿ ಕಾಣಿಸಿತು. ಅಕ್ಷರ ಓದುವ ಅಳತೆಗೆ ಬಂತು. ಇನ್ನೂ ಚೆನ್ನಾಗಿ ಆಗಿದ್ದು ಕೆ2ಪಿಡಿಎಫ್‌ಆಪ್ಟ್ ಅನ್ನುವ ಉಚಿತ ತಂತ್ರಾಂಶದಿಂದ. ಅದು ಸ್ಕ್ಯಾನ್ ಮಾಡಿದ ಪುಟದ ಸುತ್ತಲಿನ ಖಾಲಿ ಜಾಗ ಕತ್ತರಿಸಿ, ಪದಗಳನ್ನು ಚಿತ್ರದ ಹಾಗೆ ಎತ್ತಿ ಸಣ್ಣ ತೆರೆಗೆ ಹೊಂದುವಂತೆ ಮತ್ತೆ ಜೋಡಿಸುತ್ತದೆ. ಪದವನ್ನು ಓದುವ ಗೋಜಿಗೆ ಹೋಗುವುದಿಲ್ಲ. ಹಾಗಾಗಿ ಕನ್ನಡಕ್ಕೂ ನಡೆಯುತ್ತದೆ. ಕೆಲವು ಕಡೆ ಸಾಲಿನ ಕೆಳಗಿನ ಒತ್ತು ಕತ್ತರಿಸಿ ಹೋಯಿತು. ಅಂಥ ಪುಸ್ತಕಗಳನ್ನು ಜೋಡಿಸಲು ಹೋಗದೆ ಬರೀ ಅಂಚು ಕತ್ತರಿಸಿಟ್ಟೆ.

ಇಷ್ಟೆಲ್ಲ ಮಾಡಿದ ಮೇಲೂ ಅವಳ 24ರಲ್ಲಿ ಹೊಸಬರ ಪುಸ್ತಕ ಒಂದೂ ಇದರಲ್ಲಿ ಬರುವುದಿಲ್ಲ ಅನ್ನುವುದು ಹಾಗೇ ಉಳಿಯಿತು. ಅದಕ್ಕೆ ನಾನು ಕಂಡುಕೊಂಡ ದಾರಿ ಇದು. ರೀಡರ್ ಇಂಗ್ಲಿಷಿಗೆ, ಕನ್ನಡದ ಹಳೆಯ ಪುಸ್ತಕಗಳಿಗೆ. ಹೊಸ ಕನ್ನಡ ಪುಸ್ತಕ ಕಾಗದದಲ್ಲೇ. ಅಕ್ಕನಿಗೂ ಇದನ್ನೇ ಹೇಳಿದೆ. ಇಂಗ್ಲಿಷ್ ಮಾಧ್ಯಮಕ್ಕೆ ಒಮ್ಮೆಲೇ ಬೀಳುವ ಹುಡುಗಿ ಇದು. ಓದುತ್ತಾ ಓದುತ್ತಾ ಒಂದು ಪದದ ಮೇಲೆ ಬೆರಳಿಟ್ಟರೆ ಅರ್ಥ ಅಲ್ಲೇ ಬರುತ್ತದೆ. ನೋಡಿದ ಪದಗಳೆಲ್ಲ ವೊಕ್ಯಾಬ್ಯುಲರಿ ಬಿಲ್ಡರ್ ಅನ್ನುವ ಪಟ್ಟಿಯಲ್ಲಿ ಸೇರುತ್ತಾ ಹೋಗುತ್ತವೆ. ಎಂಬತ್ತು ಕಾಗದದ ಪುಸ್ತಕದಲ್ಲಿ ಈ ಅನುಕೂಲ ಇಲ್ಲ. ಅಕ್ಕ ಆಮೇಲೆ ಬೇಡ ಅನ್ನಲಿಲ್ಲ.

ಅರ್ಥ ಬರುವುದು ಇಂಗ್ಲಿಷಿನಲ್ಲೇ. ಅದಕ್ಕೇ ಒಂದು ಇಂಗ್ಲಿಷ್-ಕನ್ನಡ ನಿಘಂಟನ್ನೂ ಟ್ರಂಕಿಗೆ ಹಾಕಿದೆ.

ಕೊಡುವ ಮೊದಲು ಡಬ್ಬಿ ತೆರೆದು ಎಲ್ಲ ಸಿದ್ಧ ಮಾಡಿಟ್ಟೆ. ಹೊಸ ಡಬ್ಬಿ ತೆರೆಯುವ ಖುಷಿ ಅವಳಿಗೆ ತಪ್ಪಿತು ಅಂತ ತಮ್ಮ ಗೊಣಗಿದ. ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವುದೇ ಗುಡ್ಡದ ಮೇಲೆ ಅಂದಾಗ ಸುಮ್ಮನಾದ. ಮೊದಲು ನನ್ನ ಖಾತೆಯಲ್ಲೇ ನೋಂದಾಯಿಸಲು ಹೊರಟಿದ್ದೆ. ಆಗ ಒಂದು ವಿಷಯ ಹೊಳೆಯಿತು. ಅವಳು ಪುಸ್ತಕದಲ್ಲಿ ಗೆರೆ ಎಳೆದರೆ, ಪಕ್ಕದಲ್ಲಿ ಏನಾದರೂ ಬರೆದರೆ, ಅದೆಲ್ಲ ನನಗೂ ಕಾಣುತ್ತದೆ. ಹದಿನಾರು ವರ್ಷದ ಹುಡುಗಿ ಯಾವ ಸಾಲಿಗೆ ಗೆರೆ ಎಳೆಯುತ್ತಾಳೆ ಅನ್ನುವುದು ಅವಳದ್ದೇ ವಿಷಯ. ಅದನ್ನು ಚಿಕ್ಕಮ್ಮ ನೋಡಬಾರದು. ಅಕ್ಕನ ಹೆಸರಿನಲ್ಲಿ ಬೇರೆ ಖಾತೆ ತೆರೆದೆ. ಕಾರ್ಡ್ ಸೇರಿಸಲಿಲ್ಲ. ಕಿಂಡಲ್ ಒಳಗಿನ ಪುಸ್ತಕದ ಅಂಗಡಿಗೂ ಬ್ರೌಸರಿಗೂ ಪಿನ್ ಹಾಕಿದೆ. ಹೀಗೆ ಮಾಡಿದ್ದೇನೆ, ಹಾಸ್ಟೆಲಿನವರ ಸಲುವಾಗಿ, ಅಂತ ಅವಳಿಗೇ ಹೇಳಿದೆ.

ತುಂಬುವಾಗ ಕೈ ತಡೆದುಕೊಂಡೆ. 16 ಜಿಬಿ ಇದೆ, ಸಾವಿರಗಟ್ಟಲೆ ಪುಸ್ತಕ ಹಿಡಿಯುತ್ತದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಹಳೆಯ ಇಂಗ್ಲಿಷ್ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಆದರೂ ಹತ್ತೇ ಇಟ್ಟೆ. ಅವಳು ಅರ್ಧಕ್ಕೆ ಬಿಟ್ಟ ಎರಡು, ಪತ್ತೇದಾರಿ ಕಥೆಗಳ ಒಂದು, ಸಮುದ್ರಯಾನದ ಒಂದು, ದೆವ್ವದ ಕಥೆಗಳ ಒಂದು, ಕನ್ನಡದವು ಐದು. ನೂರಾರು ಪುಸ್ತಕ ಒಟ್ಟಿಗೆ ಕಂಡರೆ ಒಂದರ ಮೊದಲ ಪುಟ, ಇನ್ನೊಂದರ ಮೊದಲ ಪುಟ ಅಂತ ನೋಡುತ್ತಲೇ ದಿನ ಹೋಗುತ್ತದೆ. ನನಗೇ ಹಾಗಾಗಿದೆ.

ಜೂನ್ ಮೊದಲ ವಾರ ಅವಳನ್ನು ಬಿಡಲು ನಾನೂ ಹೋಗಿದ್ದೆ. ವಾರ್ಡನ್ ಕೈಯಲ್ಲಿ ಹಿಡಿದು, ಎರಡು ಪುಟ ತಿರುಗಿಸಿ, ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಟ್ಟರು.

ಹಾಸ್ಟೆಲಿನಲ್ಲಿ ವೈಫೈ ಇಲ್ಲ. ಹಾಗಾಗಿ ಹೊಸದು ತುಂಬುವುದು ಅವಳು ಮನೆಗೆ ಬಂದಾಗ ಮಾತ್ರ. ಪ್ರತಿ ಕಿಂಡಲ್‌ಗೂ ಒಂದು ಇಮೇಲ್ ವಿಳಾಸ ಇರುತ್ತದೆ. ನಾನು ಬೆಂಗಳೂರಿನಿಂದ ಫೈಲ್ ಕಳಿಸಿಟ್ಟರೆ ವೈಫೈ ಸಿಕ್ಕ ಕೂಡಲೇ ಇಳಿಯುತ್ತದೆ. ಗುಡ್ಡ ಹತ್ತಿದರೆ ಅಕ್ಕನ ಫೋನಿನ ಹಾಟ್‌ಸ್ಪಾಟ್ ಸಾಕು. ಭಾನುವಾರದ ಫೋನಿನಲ್ಲಿ ಅವಳು ಪಟ್ಟಿ ಹೇಳುತ್ತಾಳೆ. ಮೊನ್ನೆ ಹೇಳಿದ್ದು ಹೀಗೆ: "ಚಿಕ್ಕಮ್ಮ, ದೆವ್ವದ್ದು ಮುಗೀತು, ಅಂಥದ್ದೇ ಇನ್ನೊಂದು ಕಳ್ಸು. ಕನ್ನಡದ್ದು ಎರಡನೇದು ಅಕ್ಷರ ಸರಿ ಇಲ್ಲ, ಒತ್ತು ಹೋಗಿದೆ. ಮತ್ತೆ ದಸರಾಕ್ಕೆ ಬರುವಾಗ ಹೊಸ ಕಾದಂಬರಿ ತಗೊಂಡ್ ಬಾ, ಪುಸ್ತಕಾನೇ." ದೆವ್ವದ ಇನ್ನೊಂದನ್ನು ಆಗಲೇ ಕಳಿಸಿದ್ದೇನೆ. ಆ ಎರಡನೆಯದರ 140 ಪುಟದ ಅಂಚನ್ನು ಈ ವಾರ ಕೈಯಲ್ಲೇ ಕತ್ತರಿಸುತ್ತಿದ್ದೇನೆ. ಅರ್ಧ ಆಗಿದೆ.