ತೋಟದ ಸೆನ್ಸರ್ ಬ್ಯಾಟರಿ ಮಳೆಗಾಲ ದಾಟಬೇಕಾದರೆ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ರೋಬಸ್ಟಾ ಕಾಫಿ ತೋಟ. ಕೆರೆ ಪಕ್ಕ, ಬಾಣೆ (ಎತ್ತರದ ಜಾಗ) ಮೇಲೆ, ಕಣದ ಹತ್ತಿರ ಅಂತ ಆರು ಕಡೆ ಲೋರಾ ಸೆನ್ಸರ್ ಇಟ್ಟಿದ್ದೇನೆ. ಲೋರಾ ಅಂದರೆ ಕಡಿಮೆ ಬ್ಯಾಟರಿಯಲ್ಲಿ ದೂರಕ್ಕೆ ಚಿಕ್ಕ ಸಂದೇಶ ಕಳಿಸುವ ರೇಡಿಯೋ. ಮೊದಲ ವರ್ಷ ಜುಲೈಯಲ್ಲಿ ಎಂಟೇ ದಿನಕ್ಕೆ ಆರೂ ನಿಂತುಹೋದವು. ಸಿಲ್ವರ್ ಓಕ್ ನೆರಳು, ಮೇಲೆ ಮೋಡ. ಸೋಲಾರ್ ಪ್ಲೇಟಿನಿಂದ ಏನೂ ಬರಲಿಲ್ಲ. ಆದರೆ ನಿಜವಾದ ತಪ್ಪು ನನ್ನ ಪ್ರೋಗ್ರಾಮಿನಲ್ಲಿತ್ತು. ರೇಡಿಯೋ ಹಗಲೂ ರಾತ್ರಿ ಆನ್ ಇತ್ತು.

ಕಳಿಸುವಾಗಲೇ ಬ್ಯಾಟರಿ ಜಾಸ್ತಿ ಖರ್ಚು ಅಂದುಕೊಳ್ಳುತ್ತೇವೆ, ಅಲ್ವಾ? ಕಳಿಸುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಸುಮ್ನೆ ಕಿವಿಗೊಟ್ಟು ಕೂತಿರುವುದೇ ದುಬಾರಿ. ನನ್ನ ಎಸ್‌ಎಕ್ಸ್1276 ರೇಡಿಯೋ ಚಿಪ್ ಕೇಳುತ್ತಿರುವಾಗ ಸುಮಾರು 11 ಮಿಲಿಆಂಪ್ ಎಳೆಯುತ್ತದೆ. 2500 ಎಂಎಎಚ್ ಸೆಲ್ ಅದಕ್ಕೊಂದಕ್ಕೇ ಒಂಬತ್ತು ದಿನದಲ್ಲಿ ಖಾಲಿ. ಮಲಗಿಸಿದರೆ ಒಂದು ಮೈಕ್ರೋಆಂಪ್ ಕೂಡ ಬೇಡ. ಆದ್ದರಿಂದ ಮೊದಲು ಲೋರಾವ್ಯಾನ್‌ನಲ್ಲಿ (ಲೋರಾ ಸೆನ್ಸರುಗಳ ಜಾಲದ ನಿಯಮ) ಕ್ಲಾಸ್ ಎ ಆರಿಸಿ. ಅದರಲ್ಲಿ ಸೆನ್ಸರ್ ತಾನು ಕಳಿಸಿದ ಮೇಲೆ ಎರಡು ಸಲ ಚೂರು ಹೊತ್ತು ಕೇಳಿ ಮತ್ತೆ ಮಲಗುತ್ತದೆ.

ಆಮೇಲೆ ಸ್ಪ್ರೆಡಿಂಗ್ ಫ್ಯಾಕ್ಟರ್, ಅಂದರೆ ಸಂದೇಶವನ್ನು ಎಷ್ಟು ನಿಧಾನವಾಗಿ ಎಳೆದು ಕಳಿಸಬೇಕು ಅನ್ನುವ ಸೆಟ್ಟಿಂಗ್. ನಿಧಾನವಾದಷ್ಟೂ ದೂರ ಮುಟ್ಟುತ್ತದೆ. 7ರಿಂದ 12ರವರೆಗೆ ಇದೆ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಸಂದೇಶ ಗಾಳಿಯಲ್ಲಿರುವ ಹೊತ್ತು ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಹತ್ತು ಬೈಟ್ ಕಳಿಸಲು 7ರಲ್ಲಿ ಸುಮಾರು 60 ಮಿಲಿಸೆಕೆಂಡ್, 12ರಲ್ಲಿ ಒಂದೂವರೆ ಸೆಕೆಂಡ್ ಹತ್ತಿರ. ದೂರ ಅಂತ ಎಲ್ಲದಕ್ಕೂ 12 ಹಾಕಬೇಡಿ. ನಾನು ಗೇಟ್‌ವೇ (ಸೆನ್ಸರುಗಳ ಸಂದೇಶ ಹಿಡಿಯುವ ಪೆಟ್ಟಿಗೆ) ಆಂಟೆನಾವನ್ನು ಕಿಟಕಿಯಿಂದ ತೆಗೆದು ನೀರಿನ ಟ್ಯಾಂಕ್ ಮೇಲೆ ಕಟ್ಟಿದೆ. ಬಾಣೆಯ ಸೆನ್ಸರ್ 12ರಿಂದ 9ಕ್ಕೆ ಇಳಿಯಿತು. ಸೆನ್ಸರಿನ ಆಂಟೆನಾ ಕಾಫಿ ಗಿಡದ ನೆತ್ತಿಗಿಂತ ಮೇಲಿರಲಿ. ಏಪ್ರಿಲ್ ಬಿಸಿಲಲ್ಲಿ ಪರೀಕ್ಷೆ ಮಾಡಿ ಬಿಡಬೇಡಿ, ಎಲೆ ಒದ್ದೆಯಾದರೆ ಸಿಗ್ನಲ್ ಕುಗ್ಗುತ್ತದೆ. ಜೋರು ಮಳೆಯಲ್ಲಿ ಒಮ್ಮೆ ನೋಡಿ.

ಅಕ್ಷರದಲ್ಲಿ "ತಾಪ 24.5" ಅಂತ ಕಳಿಸುವುದು ದಂಡ. ಹತ್ತರಿಂದ ಗುಣಿಸಿ 245 ಅಂತ ಕಳಿಸಿದರೆ ಎರಡು ಬೈಟ್ ಸಾಕು. ಮಣ್ಣಿನ ತೇವ ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲ, ಗಂಟೆಗೊಮ್ಮೆ ಕಳಿಸಿ.

ಮಳೆಮಾಪಕಕ್ಕೆ ಮಾತ್ರ ಬೇರೆ ಲೆಕ್ಕ. ನನ್ನದರ ಒಳಗಿನ ಪುಟ್ಟ ಬಟ್ಟಲು 0.2 ಮಿಲಿಮೀಟರ್ ಮಳೆಗೊಮ್ಮೆ ತುಂಬಿ ವಾಲುತ್ತದೆ, ಅಂದರೆ ಒಂದು ಇಂಚಿಗೆ 127 ಸಲ. ಐದಿಂಚು ಹೊಡೆದ ದಿನ ಪ್ರತಿ ಸಲವೂ ಕಳಿಸಿದರೆ ಆರುನೂರಕ್ಕೂ ಮೇಲೆ ಸಂದೇಶ! ಹಾಗಾಗಿ ಬಟ್ಟಲು ವಾಲಿದಾಗ ಸೆನ್ಸರಿನ ಮುಖ್ಯ ಚಿಪ್ ಎದ್ದು ಎಣಿಸುತ್ತದೆ, ರೇಡಿಯೋ ಮಲಗಿಯೇ ಇರುತ್ತದೆ. ಗಂಟೆಗೊಮ್ಮೆ ಮೊದಲಿನಿಂದ ಇಲ್ಲಿಯವರೆಗಿನ ಒಟ್ಟು ಎಣಿಕೆ ಹೋಗುತ್ತದೆ. ನಡುವೆ ಎರಡು ಸಂದೇಶ ಕಳೆದುಹೋದರೂ ಮುಂದಿನದರಲ್ಲಿ ಲೆಕ್ಕ ಕೂಡುತ್ತದೆ. ತಲುಪಿತೋ ಇಲ್ಲವೋ ಅಂತ ಮತ್ತೆ ಮತ್ತೆ ಕಳಿಸುವ ಕೆಲಸವೇ ಇಲ್ಲ.

ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದಾಗ ಮಾತ್ರ ಹತ್ತು ಸೆಂಟಿಗೊಂದು (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು) ಸಂದೇಶ ಇಟ್ಟಿದ್ದೇನೆ, ಬ್ಯಾಟರಿ ಖರ್ಚಾದರೂ ಸರಿ. ಇಂಚು ತುಂಬದೆ ಮಳೆ ನಿಂತರೆ ಅವತ್ತೇ ಸ್ಪ್ರಿಂಕ್ಲರ್ ಪೈಪು ಎಳೆಯಬೇಕು.